ನಾಲಗೆಗೊಂದು ನೋಟ್‌ಬುಕ್ಕು

ಹೊರಮಾವಿನಲ್ಲಿ ಹೀಗೊಂದು ಮನೆ ಎಂದಿಟ್ಟುಕೊಳ್ಳೋಣ. ಮಗ ಆಹಾರ ತಂತ್ರಜ್ಞಾನದಲ್ಲಿ ಪದವಿ ಮುಗಿಸಿದ್ದಾನೆ. ವಯಸ್ಸು 22. ಒಂದು ಭಾನುವಾರ ಅವನ ಮೇಜು ಒರೆಸುತ್ತಿದ್ದ ತಾಯಿಗೆ ಒಂದು ನೋಟ್‌ಬುಕ್ಕು ಸಿಗುತ್ತದೆ. ತಿರುವಿ ನೋಡಿದರೆ ಪುಟಕ್ಕೊಂದು ವೈನಿನ ಹೆಸರು, ತಾರೀಖು, ನಾಲ್ಕಾರು ಇಂಗ್ಲಿಷ್ ಪದ, ಕೊನೆಗೆ 100ಕ್ಕೆ ಇಷ್ಟು ಎಂದು ಅಂಕ. ಆಕೆಯ ಎದೆ ಧಸಕ್ಕೆನ್ನುತ್ತದೆ.

"ಏನೋ ಇದು? ಇದಕ್ಕೇನಾ ನಿನ್ನನ್ನ ಇಷ್ಟು ಓದಿಸಿದ್ದು?"

"ಕುಡಿಯೋದಲ್ಲಮ್ಮ ಅದು. ರುಚಿ ನೋಡಿ ಉಗಿಯೋದು."

"ಉಗಿಯೋದಕ್ಕೆ ದುಡ್ಡು ಬೇರೆ ಕೊಡ್ತೀಯಾ?"

ತಾಯಿಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಗ ಹೇಳಿದ್ದೂ ಸುಳ್ಳಲ್ಲ. ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರು ಒಂದು ಬೆಳಿಗ್ಗೆ ಹತ್ತಾರು ಮಾದರಿಗಳನ್ನು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ನುಂಗುತ್ತಾ ಹೋದರೆ ಐದನೆಯ ಲೋಟದ ಹೊತ್ತಿಗೆ ನಾಲಗೆಯೂ ಇಲ್ಲ, ಬುದ್ಧಿಯೂ ಇಲ್ಲ. ವೈನ್ ಇರಲಿ, ಕಾಫಿ ಪರೀಕ್ಷಕರು ಮಾಡುವುದೂ ಇದನ್ನೇ. ತರಿತರಿಯಾದ ಪುಡಿಯ ಮೇಲೆ ಬಿಸಿನೀರು ಹುಯ್ದು, ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸಿ, ಸೊರ್‍ರೆಂದು ಸದ್ದು ಮಾಡುತ್ತಾ ಹೀರಿ, ಉಗುಳುತ್ತಾರೆ. ಮನೆಯಲ್ಲಿ ಹಾಗೆ ಸದ್ದು ಮಾಡಿ ಕುಡಿದರೆ ಬೈಗುಳ. ಅಲ್ಲಿ ಅದಕ್ಕೇ ಸಂಬಳ.

ನೋಟ್‌ಬುಕ್ಕಿನ ನಿಜವಾದ ದೋಷ ಬೇರೆಯೇ ಇದೆ. ಅದರಲ್ಲಿ ಬರೆದಿರುವುದು ಆ ಹುಡುಗನ ನಾಲಗೆ ಕಂಡದ್ದಲ್ಲ. "ಬ್ಲ್ಯಾಕ್‌ಕರಂಟ್, ಚರ್ಮ, ಕಾಡಿನ ನೆಲ" ಎಂದು ಬರೆದಿದ್ದಾನೆ. ಬ್ಲ್ಯಾಕ್‌ಕರಂಟ್ ಹಣ್ಣನ್ನು ಅವನು ಕಣ್ಣಿನಿಂದಲೂ ಕಂಡಿಲ್ಲ. ಪುಸ್ತಕದಲ್ಲಿತ್ತು, ಬರೆದ. ಗೈಡು ನೋಡಿ ಉತ್ತರ ಬರೆಯುವ ಅಭ್ಯಾಸ ನಾಲಗೆಗೂ ಅಂಟಿಕೊಂಡಿತು!

ಈ ಪದಗಳಿಗೊಂದು ಹಿನ್ನೆಲೆಯಿದೆ. 1984ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ನೋಬಲ್ ಮತ್ತು ಸಂಗಡಿಗರು ವೈನಿನ ವಾಸನೆಗಳನ್ನು ಒಂದು ಚಕ್ರದಲ್ಲಿ ಜೋಡಿಸಿದರು. ನಡುವೆ 'ಹಣ್ಣು', 'ಹೂವು', 'ಮಣ್ಣು' ಮುಂತಾದ ದೊಡ್ಡ ಗುಂಪುಗಳು. ಹೊರಗೆ ಹೋದಂತೆ ಸೂಕ್ಷ್ಮವಾದ ಹೆಸರುಗಳು. 'ಸೊಗಸಾಗಿದೆ', 'ಗಂಭೀರವಾಗಿದೆ' ಎಂಬಂಥ ಮಾತುಗಳಿಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಅವು ಕುಡಿದವನ ಮನಸ್ಸಿನ ಸುದ್ದಿ, ವೈನಿನದಲ್ಲ. ಪ್ರತಿ ಹೆಸರಿಗೂ ಮೂಸಿ ನೋಡಬಹುದಾದ ಒಂದು ವಸ್ತು ಇರಬೇಕು, ಇಬ್ಬರು ಒಂದೇ ಹೆಸರು ಹೇಳಿದರೆ ಇಬ್ಬರೂ ಒಂದೇ ವಾಸನೆಯನ್ನು ಹೇಳುತ್ತಿರಬೇಕು, ಇದು ಆ ಚಕ್ರದ ಹಿಂದಿನ ವಿಚಾರ. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗೆ ಅಲ್ಲಿನ ಅಂಗಡಿಯಲ್ಲಿ ಸಿಗುವ ಹಣ್ಣು ಉದಾಹರಣೆ. ಹೊರಮಾವಿನ ಹುಡುಗನಿಗೆ ಕೆ.ಆರ್. ಪುರದ ಸಂತೆಯೇ ಸಾಕು.

ಹುಳಿಯನ್ನೇ ನೋಡಿ. 'ಹುಳಿ' ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಹುಣಸೆಯ ಹುಳಿಯೋ, ನಿಂಬೆಯದೋ, ಮೊಸರಿನದೋ? ಸಾರು ಮಾಡುವ ಯಾವ ಗೃಹಿಣಿಯೂ ಈ ಮೂರನ್ನು ಒಂದೇ ಎನ್ನಲಾರಳು. ರಸಾಯನಶಾಸ್ತ್ರವೂ ಆಕೆಯ ಪರವೇ. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್, ಹುಣಸೆಯಲ್ಲಿ ಟಾರ್ಟಾರಿಕ್. ದ್ರಾಕ್ಷಿಯ ಮುಖ್ಯ ಆಮ್ಲವೂ ಟಾರ್ಟಾರಿಕ್ಕೇ! ಅದರ ಜತೆಗಿರುವ ಮ್ಯಾಲಿಕ್ ಆಮ್ಲ ಹಸಿರು ಸೇಬಿನದು. ಹಲವು ಕೆಂಪು ವೈನುಗಳಲ್ಲಿ ಈ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಚುಚ್ಚುವ ಹುಳಿ ಹೋಗಿ ಮೊಸರಿನ ಮೆದು ಹುಳಿ ಬರುತ್ತದೆ. ಹುಣಸೆ, ಮೊಸರು ಎರಡನ್ನೂ ಬಲ್ಲ ನಾಲಗೆಗೆ ಇದೇನು ಹೊಸ ಪಾಠವಲ್ಲ, ಹೆಸರು ಮಾತ್ರ ಹೊಸದು.

ಇನ್ನು ಒಗರು. ಅಡಿಕೆ, ನೇರಳೆ, ಬಾಳೆಕಾಯಿ ತಿಂದಾಗ ನಾಲಗೆ ಒಣಗಿ ದೊರಗಾಗುತ್ತದಲ್ಲ, ಅದು. ಕನ್ನಡದಲ್ಲಿ ಚಿಕ್ಕ ಮಗುವಿಗೂ ಗೊತ್ತಿರುವ ಈ ಮಾತಿಗೆ ಇಂಗ್ಲಿಷಿನಲ್ಲಿ ಪಾಂಡಿತ್ಯದ ಪದವೊಂದನ್ನು ಕಲಿಯಬೇಕು. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ಜಾರುವಿಕೆಯನ್ನು ಕಡಿಮೆ ಮಾಡುತ್ತವೆ. ಆದ್ದರಿಂದಲೇ ವಿಜ್ಞಾನಿಗಳು ಒಗರನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶವೆಂದು ಎಣಿಸುತ್ತಾರೆ. ನಮ್ಮ ಷಡ್ರಸಗಳ ಪಟ್ಟಿಯಲ್ಲಿ ಮಾತ್ರ ಅದಕ್ಕೆ ರುಚಿಯ ಪಟ್ಟವೇ ಇದೆ. ಅಡಿಕೆಯ ಒಗರೋ ನೇರಳೆಯ ಒಗರೋ ಎಂದು ಬರೆದಿಟ್ಟರೆ, ಆರು ತಿಂಗಳ ಮೇಲೆ ಓದಿದಾಗಲೂ ಆ ವೈನು ಬಾಯಿಗೆ ಬಂದಂತಾಗುತ್ತದೆ. 'ಬ್ಲ್ಯಾಕ್‌ಕರಂಟ್' ಎಂದದ್ದು ಆಗ ನೆನಪಿಗೆ ಬರುವುದು ಪುಸ್ತಕದ ಪುಟವಾಗಿ ಮಾತ್ರ.

ಅಂಕಗಳ ವಿಷಯ ಹೆಚ್ಚು ಹೇಳಬೇಕಿಲ್ಲ. 100ರ ಮಾಪನವನ್ನು ಜನಪ್ರಿಯಗೊಳಿಸಿದವರು 1978ರಲ್ಲಿ ತಮ್ಮ ಪತ್ರಿಕೆ ಆರಂಭಿಸಿದ ಅಮೆರಿಕದ ರಾಬರ್ಟ್ ಪಾರ್ಕರ್. ಅವರ ಲೆಕ್ಕ ಶುರುವಾಗುವುದೇ 50ರಿಂದ. ಪಿಯುಸಿ ಮಕ್ಕಳಿಗೆ ಇಂಥ ಮೌಲ್ಯಮಾಪಕರು ಸಿಗಬಾರದೇ!

ಅಂಕ ಹಾಕುವ ತಜ್ಞರೇ ಎಷ್ಟು ಸ್ಥಿರ? ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ಸ್ಪರ್ಧೆಯಲ್ಲಿ, ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಸದೆ ಮೂರು ಸಲ ಕೊಟ್ಟು ನೋಡಲಾಯಿತು. ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಮೂರೂ ಸಲ ಹೆಚ್ಚುಕಡಿಮೆ ಒಂದೇ ತೀರ್ಪು ಕೊಟ್ಟವರು ನೂರಕ್ಕೆ 10 ಮಂದಿ. ಅದಕ್ಕೂ ಮೊದಲು 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಬೋರ್ಡೋದ 54 ಮಂದಿ ವೈನ್ ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನು ಕೊಟ್ಟರು. ಅವರು ಅದನ್ನು ವರ್ಣಿಸಿದ್ದು ಕೆಂಪು ವೈನಿಗೆ ಬಳಸುವ ಪದಗಳಲ್ಲಿ! ಮೂಗು ಹೇಳಿದ್ದನ್ನು ಕಣ್ಣು ಅಳಿಸಿಹಾಕಿತ್ತು.

ಆದ್ದರಿಂದ ನೋಟ್‌ಬುಕ್ಕು ಸುಧಾರಿಸಬೇಕಾದರೆ ಮೊದಲು ಹೆಸರಿನ ಚೀಟಿ ಮುಚ್ಚಬೇಕು. ಲೋಟಗಳಿಗೆ ಸಂಖ್ಯೆ ಕೊಡಬೇಕು, ಸುರಿಯುವವರು ಬೇರೆಯವರಾಗಿರಬೇಕು. ಬರೆದ ಮೇಲೆಯೇ ಚೀಟಿ ತೆಗೆಯುವುದು, ತಪ್ಪಿದ್ದರೆ ಹೊಡೆದುಹಾಕದೆ ಪಕ್ಕದಲ್ಲೇ ಸರಿಯಾದದ್ದನ್ನು ಬರೆಯುವುದು. ಇದೇ ಕಷ್ಟ. ತಪ್ಪು ಉತ್ತರವನ್ನು ಉಳಿಸಿಕೊಳ್ಳುವುದು ನಮ್ಮ ಶಾಲೆಗಳು ಕಲಿಸಿದ ವಿದ್ಯೆಯಲ್ಲ. ಹೊತ್ತನ್ನೂ ಬರೆಯಬೇಕು, ಅದಕ್ಕೆ ಮೊದಲು ಏನು ತಿಂದಿದ್ದೆ ಎಂಬುದನ್ನೂ. ನೆಲ್ಲಿಕಾಯಿ ಜಗಿದು ನೀರು ಕುಡಿದರೆ ನೀರೇ ಸಿಹಿಯಾಗುವಾಗ ವೈನಿನ ಪಾಡೇನು? ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಬಿದ್ದ ದಿನ ಪರೀಕ್ಷೆ ಮುಂದೂಡುವುದೇ ಕ್ಷೇಮ.

ಈ ಅಭ್ಯಾಸಕ್ಕೆ ವೈನೇ ಬೇಕೆಂದೇನಿಲ್ಲ. ನಮ್ಮ ರಾಜ್ಯದ ಅಬಕಾರಿ ನಿಯಮದಂತೆ 21 ತುಂಬದವರಿಗೆ ಅದನ್ನು ಮಾರುವಂತೆಯೂ ಇಲ್ಲ. ಕಾಲೇಜು ಮಕ್ಕಳಿಗೆ ದ್ರಾಕ್ಷಿಯೇ ಸಾಕು, ಅದೂ ಮನೆ ಬಾಗಿಲ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಸೂಚಕ ಪಡೆದ 'ಬೆಂಗಳೂರು ಬ್ಲೂ' ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಹಣ್ಣು. ಹಿಸುಕಿದರೆ ದಪ್ಪ ಸಿಪ್ಪೆಯಿಂದ ತಿರುಳು ಜಾರಿ ಹೊರಬರುತ್ತದೆ. ಮೂಗು ಹಿಡಿದುಕೊಂಡು ಒಂದು ಹಣ್ಣು ಅಗಿಯಿರಿ: ಸಿಹಿ, ಹುಳಿ, ಸಿಪ್ಪೆಯ ಒಗರು, ಅಷ್ಟೇ. ಅಗಿಯುತ್ತಲೇ ಮೂಗು ಬಿಡಿ. ಥಟ್ಟನೆ ಆ ದ್ರಾಕ್ಷಿಗೇ ಮೀಸಲಾದ ಘಮ ತಲೆಗೇರುತ್ತದೆ. ನಾವು ರುಚಿ ಎನ್ನುವುದರಲ್ಲಿ ಮೂಗಿನ ಪಾಲು ಎಷ್ಟೆಂದು ತಿಳಿಯಲು ಬೇರೆ ಪ್ರಯೋಗಾಲಯ ಬೇಡ. ಆ ಘಮಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು. ದ್ರಾಕ್ಷಿ ವಾಸನೆಯ ಪೆಪ್ಪರಮಿಂಟಿಗೆ ಹಾಕುವುದೂ ಅದನ್ನೇ. ಪಕ್ಕದಲ್ಲಿ ಬೀಜವಿಲ್ಲದ ಹಸಿರು ದ್ರಾಕ್ಷಿಯಿಟ್ಟು ಎರಡಕ್ಕೂ ಐದೈದು ಸಾಲು ಬರೆದರೆ ಒಂದು ಪುಟ ಸಿದ್ಧ.

ಇದರಲ್ಲಿ ಅನ್ನವಿದೆಯೇ ಎಂಬುದು ಪಾಲಕರ ಪ್ರಶ್ನೆ. ಇದೆ, ಆದರೆ ಬಾಗಿಲು ಕಿರಿದು. ನಂದಿ ಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ನೆಟ್ಟರು. ರಾಜ್ಯ ಸರ್ಕಾರದ ವೈನ್ ನೀತಿ ಬಂದದ್ದು 2007ರಲ್ಲಿ. 'ಮಾಸ್ಟರ್ ಆಫ್ ವೈನ್' ಎಂಬ ಕಠಿಣ ಪರೀಕ್ಷೆಯನ್ನು ಭಾರತದಲ್ಲಿದ್ದು ಮೊದಲು ಗೆದ್ದವರು ಸೋನಲ್ ಹಾಲೆಂಡ್, 2016ರಲ್ಲಿ. ಅಲ್ಲಿ ಹೆಸರು ಮುಚ್ಚಿದ 36 ವೈನುಗಳ ಬಗ್ಗೆ ಬರೆಯಬೇಕು. ಹೆಸರು ಊಹಿಸಿದರಷ್ಟೇ ಸಾಲದು, ಲೋಟದಲ್ಲಿ ಕಂಡ ಯಾವ ಲಕ್ಷಣದಿಂದ ಹಾಗೆ ಹೇಳುತ್ತೀರಿ ಎಂಬುದಕ್ಕೇ ಹೆಚ್ಚು ಬೆಲೆ. ವೈನು ಬೇಡವೆನ್ನುವ ಮನೆಗಳಿಗೆ ಕಾಫಿಯ ದಾರಿ ಹತ್ತಿರದ್ದು. ಬೆಂಗಳೂರಿನ ಕಾಫಿ ಮಂಡಳಿ ಕಾಫಿ ಗುಣಮಟ್ಟ ಕುರಿತ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತ ಬಂದಿದೆ. ಮಂಡಳಿಯಲ್ಲಿ ದಶಕಗಳ ಕಾಲ ದುಡಿದ ಸುನಾಲಿನಿ ಮೆನನ್ ಆಮೇಲೆ ಇದೇ ಊರಿನಲ್ಲಿ ಕಾಫಿ ಪರೀಕ್ಷೆಯ ಸ್ವಂತ ಪ್ರಯೋಗಾಲಯ ಕಟ್ಟಿದರು. 1950ರಿಂದ ಇರುವ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ರುಚಿ-ವಾಸನೆಗಳ ಪರೀಕ್ಷೆಯೇ ಒಂದು ಶಾಸ್ತ್ರ.

ಆ ಶಾಸ್ತ್ರದ ಮೊದಲ ಪಾಠಗಳಲ್ಲೊಂದು ತ್ರಿಕೋನ ಪರೀಕ್ಷೆ. ಮೂರು ಲೋಟ. ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಬೇರೆಯದನ್ನು ಹುಡುಕಬೇಕು. ಕಣ್ಣುಮುಚ್ಚಿ ಹೇಳಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದು ಸಲದ ಗೆಲುವಿಗೆ ಬೆಲೆಯಿಲ್ಲ. ಆರು ಸಲ ಮಾಡಿ ಐದು ಅಥವಾ ಆರೂ ಸಲ ಬರೀ ಅದೃಷ್ಟದಿಂದ ಗೆಲ್ಲುವ ಸಾಧ್ಯತೆ 729ರಲ್ಲಿ 13, ಅಂದರೆ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಗಣಿತದ ಮಕ್ಕಳು ಲೆಕ್ಕ ಹಾಕಿ ನೋಡಲಿ.

ಹೊರಮಾವಿನ ಆ ಮನೆಯಲ್ಲಿ ಮಗ ಫಿಲ್ಟರ್ ಕಾಫಿಯಿಂದಲೇ ಶುರುಮಾಡಿದ ಎನ್ನೋಣ. ಎರಡು ಲೋಟಕ್ಕೆ ದಿನದ ಡಿಕಾಕ್ಷನ್, ಒಂದಕ್ಕೆ ಚಿಕೋರಿ ಕೊಂಚ ಹೆಚ್ಚಿಗೆ ಹಾಕಿದ್ದು. ತಂದೆ ಸುರಿದುಕೊಟ್ಟರು. ತಾಯಿ ಆರಕ್ಕೆ ಆರೂ ಸರಿ. ಮಗ ಮೂರು.

ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ ಎರಡು ಕೈಬರಹಗಳಿವೆ. ಮಗನ ನಾಲ್ಕು ಇಂಗ್ಲಿಷ್ ಸಾಲುಗಳ ಕೆಳಗೆ ತಾಯಿ ಬರೆದಿದ್ದಾರೆ: "ಮೂರನೇ ಲೋಟ ಬೇರೆ. ಬಣ್ಣ ಜಾಸ್ತಿ, ಘಮ ಕಮ್ಮಿ. ಸುಟ್ಟ ಬೆಲ್ಲದ ಹಾಗೆ ಗಂಟಲಲ್ಲಿ ನಿಲ್ಲುತ್ತೆ."