ಎರಡು ರೂಪಾಯಿ ಹೂವಿಗೆ ಜೆಸಿಬಿ ಕಾಟ

ಉಜ್ಜಿನಿಯಲ್ಲಿ ಕೊಟ್ಟೂರು ಬಸ್ಸು ತಡವಾದರೆ ನಮ್ಮಂಥವರಿಗೆ ಕಿರಾಣಿ ಅಂಗಡಿ ಕಟ್ಟೆಯೇ ಗತಿ. ಮೊನ್ನೆ ಹಾಗೇ ಕೂತಿದ್ದೆ. ಅಂಗಡಿಯವರು ಅಟ್ಟದಿಂದ ಹಳೇ ಕಾಗದದ ಕಟ್ಟು ಇಳಿಸಿ ಧೂಳು ಕೊಡವುತ್ತಿದ್ದರು. ಒಳಗಿಂದ ಒಂದು ರಿಜಿಸ್ಟರ್ ಕವರು ಬಿತ್ತು. ಮೇಲೆ ಎರಡು ರೂಪಾಯಿ ಸ್ಟಾಂಪು, ಅದರಲ್ಲಿ ಬೆಂಕಿಯ ನಾಲಿಗೆಯಂಥ ಹೂವು.

"ಯಾವ ದೇಶದ ಹೂವ್ರೀ ಇದು?" ಅಂತ ಅವರು ನನ್ನನ್ನೇ ಕೇಳಿದರು. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಏನು ಗೊತ್ತು? ಎಣ್ಣೆ ಒಯ್ಯಲು ಬಂದಿದ್ದ ಅಜ್ಜಿ ಬಗ್ಗಿ ನೋಡಿ ನಕ್ಕಳು. "ಯಾವ ದೇಶದ್ದೂ ಅಲ್ಲಪ್ಪಾ, ಗೌರಿ ಹೂವು. ನಮ್ಮ ಹೊಲದ ಬೇಲ್ಯಾಗ ಇತ್ತಲ್ಲ!"

"ಇತ್ತಲ್ಲ" ಅಂದಳು, "ಐತಲ್ಲ" ಅನ್ನಲಿಲ್ಲ. ಈ ನಾಲ್ಕು ಮಾತು ಬರೆಯಲು ಅದೇ ಕಾರಣ.

ಅಂಚೆ ಇಲಾಖೆ 1977ರಲ್ಲಿ ಭಾರತದ ಹೂವುಗಳ ನಾಲ್ಕು ಸ್ಟಾಂಪು ತಂದಿತ್ತು. ಕಮಲಕ್ಕೆ 25 ಪೈಸೆ, ರೋಡೊಡೆಂಡ್ರಾನಿಗೆ 50 ಪೈಸೆ, ಕದಂಬಕ್ಕೆ 1 ರೂಪಾಯಿ. ಎಲ್ಲಕ್ಕಿಂತ ಹೆಚ್ಚು ಬೆಲೆ, 2 ರೂಪಾಯಿ, ನಮ್ಮ ಬೇಲಿಯ ಈ ಗೌರಿ ಹೂವಿಗೆ! ಪುಸ್ತಕದವರು ಅಗ್ನಿಶಿಖೆ ಅನ್ನುತ್ತಾರೆ. 1981ರಲ್ಲಿ ಮರಗಳ ಸರದಿ ಬಂತು. ಮುತ್ತುಗಕ್ಕೆ 35 ಪೈಸೆ, ಕಕ್ಕೆಗೆ 1 ರೂಪಾಯಿ. ದೊಡ್ಡ ದೊಡ್ಡವರು ಕೂರುವ ಜಾಗದಲ್ಲಿ ಯಾರೂ ನೀರು ಹಾಕದ ಗಿಡಗಳು ಕೂತವು. ದಿಲ್ಲಿಯವರಿಗೆ ಕಂಡದ್ದು ನಮಗೆ ಕಾಣದೇ ಹೋಯಿತಲ್ಲ, ಸ್ವಾಮಿ!

ಈ ಬಳ್ಳಿಯ ಗುಣ ಕೇಳಿ. ಎಲೆಯ ತುದಿಯನ್ನೇ ಬೆರಳು ಮಾಡಿಕೊಂಡು ಬೇಲಿ ಹಿಡಿದು ಹತ್ತುತ್ತದೆ. ಬೇಸಿಗೆಯಲ್ಲಿ ಮೇಲೆ ಏನೂ ಇರಲ್ಲ, ಗಡ್ಡೆ ನೆಲದೊಳಗೆ ಮಲಗಿರುತ್ತದೆ. ಮಳೆ ಬಿದ್ದರೆ ಮತ್ತೆ ಚಿಗುರು. ಕುಡುಗೋಲಲ್ಲಿ ಕೊಯ್ದರೂ ಮುಂದಿನ ವರ್ಷ ಬರುತ್ತದೆ. ಆದರೆ ಜೆಸಿಬಿ ಬಂದು ಬದುವನ್ನೇ ಕೆರೆದರೆ? ಗಡ್ಡೆಯೇ ಕಿತ್ತು ಬರುತ್ತದೆ. ಅಲ್ಲಿಗೆ ಮುಗೀತು. ಮುಳ್ಳುಬೇಲಿ ತೆಗೆದು ಕಲ್ಲುಕಂಬ ನೆಟ್ಟು ತಂತಿ ಎಳೆದ ಕಡೆ ಹತ್ತಲು ಆಸರೆಯೂ ಇಲ್ಲ.

"ಅದು ವಿಷದ ಗಡ್ಡೆ, ಹೋದರೆ ಒಳ್ಳೇದಾಯ್ತು" ಅನ್ನುವವರಿದ್ದಾರೆ. ವಿಷ ನಿಜ. ಮಕ್ಕಳು, ದನಕರು ಬಾಯಿ ಹಾಕದಂತೆ ನೋಡಿಕೊಳ್ಳಲೇಬೇಕು. ಆದರೆ ಅದರ ಬೀಜದಲ್ಲಿರುವ ಕಾಲ್ಚಿಸಿನ್ ಎಂಬ ಅಂಶದಿಂದಲೇ ಕೀಲುವಾತಕ್ಕೆ ಔಷಧ ಮಾಡುತ್ತಾರೆ. ತಮಿಳುನಾಡಿಗೆ ಇದು ರಾಜ್ಯ ಪುಷ್ಪ. ಅಲ್ಲಿನ ರೈತರು ಚಪ್ಪರ ಕಟ್ಟಿ ಬೆಳೆದು ಬೀಜ ಮಾರುತ್ತಾರೆ. ಅವರಿಗೆ ಬೆಳೆ, ನಮಗೆ ಕಳೆ. ವ್ಯಾಪಾರ ಬಲ್ಲ ನಮ್ಮ ಅಂಗಡಿ ಸಾಹುಕಾರರು ಇದನ್ನು ಯೋಚಿಸಬೇಡವೇ?

ರೈತನಿಗೆ ಒಂದು ಮೊಳ ನೆಲವೂ ದುಬಾರಿ, ಒಪ್ಪುತ್ತೇನೆ. ಅವನ ಹೊಲದ ಸುದ್ದಿ ಬೇಡ. ಆದರೆ ರಸ್ತೆ ಬದಿ, ಹಳ್ಳದ ದಂಡೆ, ಗುಡ್ಡದ ಬುಡ ಇವು ಎಲ್ಲರವು. ಅಲ್ಲಿ ಸ್ವಚ್ಛತೆಯ ಹೆಸರಲ್ಲಿ ಬುಡಸಮೇತ ಕೆರೆಸುವ ಬದಲು ಪಂಚಾಯಿತಿಯವರು ಆಳಿಂದ ಮೇಲಷ್ಟೇ ಸವರಿಸಲಿ. ನಾಲ್ಕು ಕೂಲಿ ಜನಕ್ಕೆ ಕೆಲಸವೂ ಆಯಿತು, ಗಡ್ಡೆಯೂ ಉಳಿಯಿತು.

ಇನ್ನೊಂದು ಮಾತು. ಊರಿನ ಸಂಘ ಸಂಸ್ಥೆಯವರು ಕೇಳಿ ಶುಲ್ಕ ಕಟ್ಟಿದರೆ ಅಂಚೆ ಇಲಾಖೆ ವಿಶೇಷ ಲಕೋಟೆ ಹೊರತರುವುದುಂಟು. ಮರುಳಸಿದ್ಧೇಶ್ವರ ಸ್ವಾಮಿಯ ಶಿಖರ ತೈಲಾಭಿಷೇಕಕ್ಕೆ ಸೇರುವ ಜನ ಎಷ್ಟು! ಉಜ್ಜಿನಿಯ ಹೆಸರಿನ ಲಕೋಟೆಯ ಮೇಲೆ ಉಜ್ಜಿನಿಯ ಬೇಲಿ ಹೂವು ಬಂದರೆ ಯಾರಿಗೆ ಬೇಡ?

ಆ ಕವರಿನ ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಅದು ನಮ್ಮ ಕೈಯಲ್ಲಿರಲಿಲ್ಲ. ಬದುವಿನ ಗಡ್ಡೆ ನಮ್ಮ ಕೈಯಲ್ಲಿದೆ. ಮುಂದಿನ ಗೌರಿ ಹಬ್ಬಕ್ಕೆ ಅಜ್ಜಿ ಹೂವನ್ನು ಸ್ಟಾಂಪಿನಲ್ಲಿ ಹುಡುಕಬೇಕೋ, ಬೇಲಿಯಲ್ಲೋ? ಸಂಬಂಧಪಟ್ಟವರು ಮಳೆಗಾಲಕ್ಕೆ ಮುಂಚೆಯೇ ಗಮನ ಹರಿಸುವರೇ?