ನಾಡಹಬ್ಬದ ಅಂಗಳ

ಪುಣಜನೂರಿನ ಸುತ್ತಲಿಂದ ಬಿಳಿಗಿರಿರಂಗನ ಬೆಟ್ಟದ ಸಾಲಿನವರೆಗೆ ಹಬ್ಬಿರುವ ಅರಣ್ಯಕ್ಕೂ ಮೈಸೂರಿನ ದಸರೆಗೂ ಇರುವ ಸಂಬಂಧ ಬಹುಮಂದಿಯ ಗಮನಕ್ಕೆ ಬಾರದೆ ಉಳಿದಿದೆ. ಈ ಕಾಡಿನ ಕೆ. ಗುಡಿ ಶಿಬಿರದಿಂದಲೂ ಗುಂಡ್ಲುಪೇಟೆಯ ಕಡೆಯ ರಾಮಾಪುರ ಶಿಬಿರದಿಂದಲೂ ಆನೆಗಳು ಉತ್ಸವಕ್ಕೆ ಹೋಗಿಬಂದಿರುವುದುಂಟು. ಅವುಗಳೊಡನೆ ಮಾವುತರೂ ಕಾವಾಡಿಗಳೂ ಅವರ ಮಡದಿಮಕ್ಕಳೂ ಅರಮನೆಯ ಆವರಣದಲ್ಲಿ ವಾರಗಟ್ಟಲೆ ಬಿಡಾರ ಹೂಡುತ್ತಾರೆ. ಅವರಲ್ಲಿ ಜೇನುಕುರುಬರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಚಾಮುಂಡೇಶ್ವರಿಯ ಮೂರ್ತಿಯನ್ನುಳ್ಳ, ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊತ್ತ ಆನೆಯ ಕೊರಳ ಮೇಲೆ ಕುಳಿತವನನ್ನು ನಿನ್ನ ಮತವಾವುದೆಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ.

ಹೀಗಿರುತ್ತ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಬಾನು ಮುಷ್ತಾಕ್ ಅವರು ದಸರೆಯನ್ನು ಉದ್ಘಾಟಿಸಲಾಗದೆಂಬ ಆಕ್ಷೇಪವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದುದು ನನಗೆ ಅತೀವ ವ್ಯಥೆಯನ್ನುಂಟುಮಾಡಿತು. ಸೆಪ್ಟೆಂಬರ್ 19ರಂದು ಅರ್ಜಿ ವಜಾ ಆಯಿತು. 22ರಂದು ಅವರು ಚಾಮುಂಡಿಬೆಟ್ಟದಲ್ಲಿ ಉತ್ಸವವನ್ನು ಉದ್ಘಾಟಿಸಿದರು. 2017ರಲ್ಲಿ ಕವಿ ನಿಸಾರ್ ಅಹಮದರು ಅದೇ ಕಾರ್ಯವನ್ನು ನೆರವೇರಿಸಿದ್ದರೆಂಬುದನ್ನು ಆಕ್ಷೇಪಿಸಿದವರು ಸ್ಮರಿಸಬೇಕಾಗಿತ್ತು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಉತ್ಸವವು ಅರಸರ ಆಳ್ವಿಕೆ ಮುಗಿದ ಮೇಲೆ ಸರ್ಕಾರದ ಆಶ್ರಯಕ್ಕೆ ಬಂದು, ಅರಸರು ಕೂರುತ್ತಿದ್ದ ಅಂಬಾರಿಯಲ್ಲಿ ದೇವಿಯ ಮೂರ್ತಿ ಪ್ರತಿಷ್ಠಿತವಾದಾಗ, ಆರಾಧನೆಯೂ ಲೋಕೋತ್ಸವವೂ ಒಂದನ್ನೊಂದು ನುಂಗದೆ ಜತೆಜತೆಯಾಗಿ ಸಾಗಿದುವು. ಅರಮನೆಯೊಳಗಿನ ಖಾಸಗಿ ದರ್ಬಾರು ರಾಜಮನೆತನದ್ದು, ಗರ್ಭಗುಡಿಯ ಪೂಜೆ ಭಕ್ತರದ್ದು. ಕುಸ್ತಿಯ ಅಖಾಡ, ಫಲಪುಷ್ಪ ಪ್ರದರ್ಶನ, ಕವಿಗೋಷ್ಠಿ, ಬೀದಿಯ ದೀಪಾಲಂಕಾರ ಇವು ಸಕಲರವು. ದೇವರಲ್ಲಿ ನಂಬಿಕೆಯಿಲ್ಲದವನು ಈ ಎರಡನೆಯ ಭಾಗವನ್ನು ಮನಃಪೂರ್ವಕವಾಗಿ ಸವಿದರೆ ಮೊದಲನೆಯದಕ್ಕೆ ಕಿಂಚಿತ್ತೂ ಲೋಪವಿಲ್ಲ. ಅಂತೆಯೇ, ಎಲ್ಲರ ಹಬ್ಬವೆಂಬ ಕಾರಣದಿಂದ ಭಕ್ತನು ತನ್ನ ಮಂಗಳಾರತಿಯನ್ನು ಸಂಕೋಚಪಟ್ಟು ಮುಚ್ಚಿಡಬೇಕಾಗಿಯೂ ಇಲ್ಲ.

ಗಡಿಯಾಚೆಯ ತಾಳವಾಡಿ ಸೀಮೆಯ ಕನ್ನಡದ ಊರು ಗುಮಟಾಪುರದಲ್ಲಿ ದೀಪಾವಳಿ ಕಳೆದೊಡನೆ ನಡೆಯುವ ಗೊರೆ ಹಬ್ಬವನ್ನು ನೋಡಬೇಕು. ಬೀರೇಶ್ವರನಿಗೆ ಪೂಜೆ ಸಲ್ಲಿಸಿ ಸಗಣಿಯ ರಾಶಿಗೆ ಇಳಿದ ಜನ ಪರಸ್ಪರ ಎರಚಾಡುವಾಗ, ಆ ಉಲ್ಲಾಸದಲ್ಲಿ ಭಕ್ತಿ ಎಷ್ಟು ಕ್ರೀಡೆ ಎಷ್ಟು ಎಂದು ಅಳೆಯಬಲ್ಲವರಾರು?

ಆದರೆ ಎಲ್ಲರದ್ದೆಂಬ ಹೆಸರಿನಲ್ಲಿ ಹಬ್ಬವು ಬರಿಯ ಮಾರಾಟದ ಮಳಿಗೆಯೂ ಧ್ವನಿವರ್ಧಕದ ಅಬ್ಬರವೂ ಆಗುವುದನ್ನು ನಾನು ಒಪ್ಪಲಾರೆ. ನಮ್ಮ ಜಿಲ್ಲೆಯ ದಸರೆಗೆ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯದ ಮುಂದೆ ವೇದಿಕೆ ಕಟ್ಟುವ ಆಡಳಿತವು, ಅದರ ಒಂದು ದಿನವನ್ನಾದರೂ ಪುಣಜನೂರಿನಂತಹ ಕಾಡಂಚಿನ ಊರಿಗೆ ಕೊಡಲಿ. ಅಲ್ಲಿ ಸೋಲಿಗರು ತಮ್ಮ ಗೊರುಕನ ಹಾಡು ಕುಣಿತವನ್ನು ವೇದಿಕೆಯ ನಿಮಿಷಗಳ ಲೆಕ್ಕಕ್ಕೆ ಕತ್ತರಿಸದೆ, ತಮಗೆ ತೃಪ್ತಿಯಾಗುವ ತನಕ ನಡೆಸಲಿ. ಪಟ್ಟಣದವರು ಅತಿಥಿಗಳಾಗಿ ಬಂದು ಅವರೊಡನೆ ಕುಣಿಯಲಿ.