ಸೈಕಲ್ಲಿಗೆ ಮಡಿಕೆ ಬಿಡುವುದು ಎಲ್ಲಿ?

ಶಾಲೆ ಶುರುವಾಗುವ ಮುನ್ನ ಯೂನಿಫಾರ್ಮ್ ಹೊಲಿಸಲು ಹೋದ ಅಪ್ಪ ಅಮ್ಮ ದರ್ಜಿಗೆ ಹೇಳುವ ಮಾತು ಎಲ್ಲ ಊರುಗಳಲ್ಲೂ ಒಂದೇ: ‘ಬೆಳೆಯುವ ಮಕ್ಕಳು, ಎರಡಿಂಚು ಒಳಗೆ ಮಡಿಸಿ ಹೊಲಿಯಿರಿ.’ ಮುಂದಿನ ವರ್ಷ ಹೊಲಿಗೆ ಬಿಚ್ಚಿದರೆ ಪ್ಯಾಂಟು ಮತ್ತೆ ಅಳತೆಗೆ ಬರುತ್ತದೆ. ಶೂ ದೊಡ್ಡದಾದರೆ ತುದಿಗೆ ಹತ್ತಿ. ಈ ಲೆಕ್ಕಾಚಾರದಲ್ಲಿ ಪಳಗಿದವರು ಸೈಕಲ್ ಅಂಗಡಿಗೆ ಹೋದಾಗಲೂ ಮಗುವಿಗಿಂತ ಒಂದು ಅಳತೆ ದೊಡ್ಡದಕ್ಕೇ ಬೆರಳು ತೋರಿಸುವುದರಲ್ಲಿ ಆಶ್ಚರ್ಯವಿಲ್ಲ. ಗೇರ್ ಇರುವ, ದಪ್ಪ ಟೈರಿನ ಮೌಂಟನ್ ಬೈಕ್ ಅಗ್ಗದ ವಸ್ತುವೇನಲ್ಲ. ಎರಡು ವರ್ಷಕ್ಕೇ ಚಿಕ್ಕದಾಗಿಬಿಟ್ಟರೆ?

ಪ್ಯಾಂಟು ದೊಡ್ಡದಾದರೆ ಗೆಳೆಯರು ನಗುತ್ತಾರೆ, ಅಷ್ಟೇ. ಸೈಕಲ್ಲು ದೊಡ್ಡದಾದರೆ ಮಗು ಬೀಳುತ್ತದೆ. ವೃತ್ತದಲ್ಲಿ ದಿಢೀರನೆ ನಿಲ್ಲಬೇಕಾದಾಗ ಕಾಲು ನೆಲಕ್ಕೆ ಎಟುಕುವುದಿಲ್ಲ. ಬೆರಳು ಬ್ರೇಕಿಗೆ ಎಟುಕುವುದಿಲ್ಲ. ಎಟುಕಿದರೂ ಒತ್ತುವ ಬಲ ಸಾಲುವುದಿಲ್ಲ. ಎರಡು ಸಲ ಬಿದ್ದ ಮೇಲೆ ಮಗು ಏನೂ ಹೇಳದೆ ಸೈಕಲ್ಲನ್ನು ಗೋಡೆಗೆ ಒರಗಿಸಿಡುತ್ತದೆ. ಮೂರನೇ ತಿಂಗಳಿಗೆ ಅದರ ಹ್ಯಾಂಡಲ್ ಮೇಲೆ ಟವೆಲ್ಲು ಒಣಗುತ್ತಿರುತ್ತದೆ. ಸೈಕಲ್ಲು ಮೈಗೆ ಹೊಂದುವ ಹೊತ್ತಿಗೆ, ಅಂದರೆ ಎರಡು ವರ್ಷದ ನಂತರ, ಅದರ ಟೈರು ಬಿರಿದಿರುತ್ತದೆ, ಸರಪಳಿ ತುಕ್ಕು ಹಿಡಿದಿರುತ್ತದೆ. ಉಳಿತಾಯ ಎಂದುಕೊಂಡದ್ದು ಹೀಗೆ ಮುಗಿಯುತ್ತದೆ.

‘ನಾವೆಲ್ಲ ಅಪ್ಪನ ದೊಡ್ಡ ಸೈಕಲ್ಲಿನಲ್ಲೇ ಕಲಿತವರಲ್ಲವೇ’ ಎಂದು ಕೇಳುವವರಿದ್ದಾರೆ. ನಿಜ. ಅಡ್ಡ ಕಂಬಿಯ ಕೆಳಗಿಂದ ಕಾಲು ತೂರಿಸಿ, ಮೈಯನ್ನು ಒಂದು ಕಡೆಗೆ ಸೊಟ್ಟ ಮಾಡಿಕೊಂಡು ಒಳಪೆಡಲು ತುಳಿದವರ ಒಂದು ತಲೆಮಾರೇ ಇದೆ. ಆ ಕಾಲದಲ್ಲಿ ಊರಿನ ರಸ್ತೆಗೆ ದಿನಕ್ಕೆ ಎರಡು ಬಸ್ಸು ಬಂದರೆ ಹೆಚ್ಚು. ಬೀಳುವ ಜಾಗದಲ್ಲಿ ಮಣ್ಣಿತ್ತು. ಈಗ ಅದೇ ರಸ್ತೆಯಲ್ಲಿ ಟಿಪ್ಪರು, ಟೆಂಪೊ, ಮೊಬೈಲು ನೋಡುತ್ತ ಸ್ಕೂಟರ್ ಬಿಡುವವರು ಎಲ್ಲರೂ ಇದ್ದಾರೆ. ಆಗಿನ ಸಾಹಸದ ನೆನಪು ಚೆನ್ನಾಗಿದೆ, ಅದನ್ನು ಈಗಿನ ಮಗುವಿಗೆ ಪಾಠವಾಗಿ ಕೊಡುವುದು ಬೇಡ.

ಅಳತೆಗಿಂತಲೂ ಹೆಚ್ಚು ಮರೆತುಹೋಗುವುದು ತೂಕ. 11 ವರ್ಷದ, 32 ಕಿಲೋ ತೂಕದ ಹುಡುಗಿಯೊಬ್ಬಳನ್ನು ಉದಾಹರಣೆಗೆ ಇಟ್ಟುಕೊಂಡರೆ ಲೆಕ್ಕ ಸುಲಭವಾಗುತ್ತದೆ. ಅಂಗಡಿಯಲ್ಲಿ ಥಳಥಳ ಹೊಳೆಯುವ, ಮುಂದೊಂದು ಹಿಂದೊಂದು ಸಸ್ಪೆನ್ಷನ್ ಸ್ಪ್ರಿಂಗ್ ಇರುವ ಉಕ್ಕಿನ ಸೈಕಲ್ಲು 17 ಕಿಲೋ ತೂಗಿದರೆ ಅದು ಅವಳ ಮೈತೂಕದ ಅರ್ಧಕ್ಕಿಂತ ಹೆಚ್ಚಾಯಿತು. 70 ಕಿಲೋ ತೂಗುವ ಅಪ್ಪನಿಗೆ ಇದೇ ಪ್ರಮಾಣದಲ್ಲಿ ಸೈಕಲ್ಲು ಕೊಟ್ಟರೆ ಅದು 37 ಕಿಲೋ ಇರಬೇಕಾಗುತ್ತದೆ. ಅಡುಗೆಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಅದಕ್ಕಿಂತ ಭಾರವಾದ ಸೈಕಲ್ಲನ್ನು ಯಾವ ಅಪ್ಪ ಏರಿನಲ್ಲಿ ತುಳಿದಾನು? ಮಡಿಕೇರಿಯಂಥ ಊರಿನಲ್ಲಿ ಮನೆಯಿಂದ ಹೊರಬಿದ್ದರೆ ಏರು, ಇಲ್ಲವೇ ಇಳಿಜಾರು.

ಶಾಲಾ ಚೀಲದ ಹೊರೆಗೆ ಕರ್ನಾಟಕ ಸರ್ಕಾರ 2019ರಲ್ಲಿ ಮಿತಿ ಹಾಕಿತು. 6ರಿಂದ 8ನೇ ತರಗತಿಯ ಮಕ್ಕಳಿಗೆ 3ರಿಂದ 4 ಕಿಲೋ. ಚೀಲ ಅರ್ಧ ಕಿಲೋ ಹೆಚ್ಚಾದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳುವವರು, ಅದೇ ಮಗುವಿಗೆ ಸೈಕಲ್ಲು ಕೊಳ್ಳುವಾಗ ಐದು ಕಿಲೋ ಹೆಚ್ಚಿನ ಹೊರೆಯನ್ನು ಕೇಳದೆಯೇ ಮನೆಗೆ ತರುತ್ತಾರೆ. ಅವರ ತಪ್ಪು ಎನ್ನುವಂತಿಲ್ಲ. ಬಣ್ಣದ ಚೀಟಿಯಲ್ಲಿ ಗೇರ್ ಎಷ್ಟು ಎಂಬುದನ್ನು ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ, ತೂಕ ಎಷ್ಟೋ ಸಲ ಎಲ್ಲಿಯೂ ಇರುವುದಿಲ್ಲ. ಕೇಳಿದರೆ ‘ಲೈಟ್ ವೇಟೇ ಸಾರ್’ ಎಂಬ ಉತ್ತರ ಬರುತ್ತದೆ. ಹಾಗಾಗಿ ತೂಗಿ ನೋಡುವುದೇ ಸರಿ. ಮನೆಯಲ್ಲಿ ಮೈತೂಕ ನೋಡುವ ಯಂತ್ರವಿದ್ದರೆ ಸೈಕಲ್ಲನ್ನು ಎತ್ತಿ ಹಿಡಿದು ಅದರ ಮೇಲೆ ನಿಂತು, ಬಂದ ಅಂಕಿಯಿಂದ ತಮ್ಮ ತೂಕ ಕಳೆದರೆ ಮುಗಿಯಿತು. ಅಂಗಡಿಯ ಪಕ್ಕದಲ್ಲಿ ಹಳೇ ಪೇಪರ್ ಕೊಳ್ಳುವವನ ತಕ್ಕಡಿ ಇದ್ದರೂ ಆದೀತು, ನಾಚಿಕೆಪಡುವ ಸಂಗತಿಯಲ್ಲ. 24 ಇಂಚಿನ ಚಕ್ರದ ಮಕ್ಕಳ ಸೈಕಲ್ಲು 12 ಕಿಲೋ ಒಳಗಿದ್ದರೆ ಒಳ್ಳೆಯದು. ಅಲ್ಯೂಮಿನಿಯಂ ಚೌಕಟ್ಟಿನ, ಸ್ಪ್ರಿಂಗ್ ಇಲ್ಲದ ಒಳ್ಳೆಯ ಸೈಕಲ್ಲುಗಳು 10 ಕಿಲೋ ಆಸುಪಾಸಿಗೂ ಇಳಿಯುತ್ತವೆ.

ಈ ಸ್ಪ್ರಿಂಗಿನ ವಿಚಾರದಲ್ಲಿಯೇ ಮಗುವಿಗೂ ದೊಡ್ಡವರಿಗೂ ಜಗಳ ಹತ್ತುವುದು. ಮಗುವಿಗೆ ಅದು ಬೇಕೇ ಬೇಕು, ಗೆಳೆಯನ ಸೈಕಲ್ಲಿನಲ್ಲಿ ಇದೆ. ಆದರೆ ಅಗ್ಗದ ಸೈಕಲ್ಲಿನ ಮುಂಭಾಗದ ಸ್ಪ್ರಿಂಗ್ ಫೋರ್ಕ್ ಒಂದೇ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದರೊಳಗಿನ ಸ್ಪ್ರಿಂಗ್ ದೊಡ್ಡವರ ಭಾರಕ್ಕೆ ತಕ್ಕ ಬಿಗಿಯದು. 30 ಕಿಲೋ ಮಗು ಕುಳಿತರೆ ಅದು ಕುಗ್ಗುವುದೇ ಕಷ್ಟ. ಹಾಗಾದಾಗ ಅದು ಎರಡು ಕಿಲೋ ತೂಗುವ ಅಲಂಕಾರ. ಹಿಂಭಾಗದ ಸ್ಪ್ರಿಂಗ್ ಇನ್ನೂ ಕೆಟ್ಟದು. ಪೆಡಲ್ ತುಳಿದಾಗಲೆಲ್ಲ ಮೇಲೆ ಕೆಳಗೆ ಕುಣಿದು ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ರಸ್ತೆಯ ಗುಂಡಿಗೆ ಮದ್ದು ಬೇರೆಯೇ ಇದೆ. ಸುಮಾರು ಎರಡಿಂಚು ಅಗಲದ ಟೈರಿಗೆ, ಅದರ ಪಕ್ಕದಲ್ಲಿ ಮುದ್ರಿಸಿರುವ ಕನಿಷ್ಠ ಮಿತಿಗಿಂತ ಕಡಿಮೆಯಾಗದಂತೆ, ಹದವಾಗಿ ಗಾಳಿ ತುಂಬಿಸಿದರೆ ಮಗುವಿನ ತೂಕಕ್ಕೆ ಅಷ್ಟೇ ಸಾಕು. ಇದಕ್ಕೆ ಅಣ್ಣನಂತಿರುವ ನಾಲ್ಕಿಂಚಿನ ‘ಫ್ಯಾಟ್ ಟೈರ್’ ಸೈಕಲ್ಲು ನೋಡಲು ಗಂಭೀರವಾಗಿದೆ, ಆದರೆ ತುಳಿಯುವವರಿಗೆ ಅದು ಶಿಕ್ಷೆ. ಹೈಸ್ಕೂಲು ದಾಟಿ ಭೌತಶಾಸ್ತ್ರ ಓದುತ್ತಿರುವ ಅಕ್ಕನೋ ಅಣ್ಣನೋ ಮನೆಯಲ್ಲಿದ್ದರೆ ಕೇಳಬಹುದು: ಚಕ್ರದ ಅಂಚಿನಲ್ಲಿರುವ ಭಾರ ಮುಂದಕ್ಕೂ ಚಲಿಸಬೇಕು, ಸುತ್ತಲೂ ಬೇಕು, ವೇಗ ಹಿಡಿಯುವಾಗ ಅಲ್ಲಿಯ ಒಂದು ಕಿಲೋಗೆ ಚೌಕಟ್ಟಿನ ಎರಡು ಕಿಲೋಗೆ ಬೇಕಾದಷ್ಟು ಶಕ್ತಿ ಹಿಡಿಯುತ್ತದೆ.

ಇನ್ನು ಅಳತೆ. ಮಕ್ಕಳ ಸೈಕಲ್ಲನ್ನು ಚಕ್ರದ ಇಂಚಿನಿಂದ ಹೇಳುವುದು ರೂಢಿ: 16, 20, 24. ಅದರ ಮುಂದಿನದು ದೊಡ್ಡವರ 26. ಈ 26 ಇಂಚು ಮೌಂಟನ್ ಬೈಕಿಗೆ ಬಂದದ್ದೇ ಒಂದು ಆಕಸ್ಮಿಕ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡಕ್ಕೆ ಸಾಗಿಸಿ ಅಲ್ಲಿಂದ ಇಳಿಸುತ್ತಿದ್ದರು. ಆ ಹಳೆಯ ಸೈಕಲ್ಲುಗಳ ಚಕ್ರ 26 ಇಂಚಿನದಾಗಿತ್ತು, ಅದೇ ಉಳಿಯಿತು. ಹೀಗೆ ಇದು ಹುಟ್ಟಿನಿಂದಲೇ ದೊಡ್ಡವರ ಗಾಡಿ. ಮಕ್ಕಳಿಗಾಗಿ ಮಾಡಿದ್ದು ಎಂದು ಮಾರುವ ಎಷ್ಟೋ ಸೈಕಲ್ಲುಗಳಲ್ಲಿ ಚೌಕಟ್ಟೊಂದು ಚಿಕ್ಕದಾಗಿ, ಉಳಿದ ಭಾಗಗಳೆಲ್ಲ ದೊಡ್ಡವರದೇ ಇರುತ್ತವೆ.

ಪೆಟ್ಟಿಗೆಯ ಮೇಲೆ ‘9ರಿಂದ 12 ವರ್ಷ’ ಎಂದು ಬರೆದಿರುವುದನ್ನು ನಂಬಿ ಕೊಳ್ಳುವುದಕ್ಕಿಂತ ಅಳತೆ ಟೇಪು ಹಿಡಿಯುವುದು ಮೇಲು. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಮಕ್ಕಳಲ್ಲಿ ಗೇಣು ವ್ಯತ್ಯಾಸವಿರುತ್ತದೆ. ಮಗುವನ್ನು ಶೂ ಹಾಕಿಸಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಬೇಕು. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ, ಸೀಟಿನ ಮೇಲೆ ಕುಳಿತಂತೆ ಮೇಲಕ್ಕೆ ಒತ್ತಿ ಹಿಡಿದು, ಪುಸ್ತಕದ ಅಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಬೇಕು. ನೆಲದಿಂದ ಆ ಗುರುತಿಗೆ ಇರುವುದೇ ಬೇಕಾದ ಅಳತೆ. 140 ಸೆಂಟಿಮೀಟರ್ ಎತ್ತರದ ಮಗುವಿಗೆ ಇದು 64 ಸೆಂಟಿಮೀಟರ್ ಆಸುಪಾಸಿನಲ್ಲಿ ಬರುವುದುಂಟು. ಸೈಕಲ್ಲಿನ ಮೇಲಿನ ಕಂಬಿಯ ಮೇಲೆ ಎರಡೂ ಕಡೆ ಕಾಲೂರಿ ನಿಂತಾಗ ಕಂಬಿಗೂ ಮೈಗೂ ನಡುವೆ 5 ಸೆಂಟಿಮೀಟರ್ ಜಾಗ ಉಳಿಯಬೇಕು. ಅಂದರೆ ಈ ಮಗುವಿಗೆ ಕಂಬಿಯ ಎತ್ತರ 59 ದಾಟಬಾರದು. ಇಂಥವರಿಗೆ 24 ಇಂಚಿನ ಚಕ್ರ, ಇಳಿಜಾರು ಕಂಬಿ. ಎತ್ತರ 150ರ ಹತ್ತಿರ ಬಂದ ಮೇಲೆ 26 ಇಂಚಿನ ಚಕ್ರಕ್ಕೆ 13 ಅಥವಾ 14 ಇಂಚಿನ ಚಿಕ್ಕ ಚೌಕಟ್ಟು ಹಾಕಿದ್ದನ್ನು ಹುಡುಕಬಹುದು. ಆದರೆ ಎಲ್ಲ ಕಂಪನಿಗಳೂ ಚೌಕಟ್ಟನ್ನು ಒಂದೇ ಬಗೆಯಲ್ಲಿ ಅಳೆಯುವುದಿಲ್ಲ, ಆದ್ದರಿಂದ ಚೀಟಿಯ ಮೇಲಿನ ಅಂಕಿಗಿಂತ ಮಗುವನ್ನು ಕಂಬಿಯ ಮೇಲೆ ನಿಲ್ಲಿಸಿ ನೋಡುವುದೇ ಪರೀಕ್ಷೆ. ಹುಟ್ಟುಹಬ್ಬಕ್ಕೆ ಅಚ್ಚರಿಯ ಉಡುಗೊರೆ ಕೊಡುವ ಆಸೆ ಇದ್ದವರು ಬೇರೆ ಏನನ್ನಾದರೂ ಕೊಡುವುದು ಲೇಸು. ಸೈಕಲ್ ಕೊಳ್ಳಲು ಮಗು ಜೊತೆಯಲ್ಲಿರಬೇಕು.

ಕಂಬಿಯ ಪರೀಕ್ಷೆ ಪಾಸಾದ ಮೇಲೆ ಕೈ ನೋಡಬೇಕು. ಹಿಡಿಕೆಯ ಮೇಲೆ ಅಂಗೈ ಇಟ್ಟಂತೆಯೇ ತೋರುಬೆರಳು, ನಡುಬೆರಳಿನ ಮೊದಲ ಗೆಣ್ಣು ಬ್ರೇಕಿನ ಅಲಗನ್ನು ಸುತ್ತುವಂತಿರಬೇಕು. ಬಹಳಷ್ಟು ಬ್ರೇಕುಗಳಲ್ಲಿ ಅಲಗನ್ನು ಹಿಡಿಕೆಯ ಹತ್ತಿರ ತರುವ ಸಣ್ಣ ತಿರುಪೊಂದು ಇರುತ್ತದೆ. ಅಂಗಡಿಯವರಲ್ಲಿ ಕೆಲವರು ಅದನ್ನು ಮುಟ್ಟಿಯೇ ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು. ಡಿಸ್ಕ್ ಬ್ರೇಕ್ ಇಲ್ಲ ಎಂದು ಕೊರಗುವ ಅಗತ್ಯವಿಲ್ಲ. ಸರಿಯಾಗಿ ಹೊಂದಿಸಿದ ವಿ-ಬ್ರೇಕ್ ಹಗುರ, ಅದರ ರಬ್ಬರು ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ಪೆಡಲಿನ ತೋಳಿನ ಉದ್ದವನ್ನು ಯಾರೂ ಕೇಳುವುದಿಲ್ಲ. ದೊಡ್ಡವರ ಸೈಕಲ್ಲಿನಲ್ಲಿ ಅದು 170 ಮಿಲಿಮೀಟರ್. ಮಗುವಿನ ಎತ್ತರದ ಹತ್ತನೇ ಒಂದು ಪಾಲಿನ ಆಸುಪಾಸು ಇರಬೇಕೆಂಬುದು ಬಲ್ಲವರ ಅಂದಾಜು. 24 ಇಂಚಿನ ಒಳ್ಳೆಯ ಸೈಕಲ್ಲುಗಳಲ್ಲಿ 152 ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ತೋಳಿನ ಹಿಂಬದಿಯಲ್ಲಿ ಈ ಅಂಕಿಯನ್ನು ಒತ್ತಿರುತ್ತಾರೆ. ಉದ್ದದ ತೋಳಾದರೆ ಪ್ರತಿ ಸುತ್ತಿಗೂ ಮೊಣಕಾಲು ಎದೆಯತ್ತ ಬರುತ್ತದೆ, ‘ಕಾಲು ನೋವು’ ಎಂಬ ದೂರಿನ ಮೂಲ ಎಷ್ಟೋ ಸಲ ಇದೇ.

ಗೇರು 21 ಇರಬೇಕೆಂಬ ಹಟಕ್ಕೆ ಅರ್ಥವಿಲ್ಲ. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳ ಗುಣಾಕಾರದಿಂದ ಬಂದ ಸಂಖ್ಯೆ ಅದು. ಅವುಗಳಲ್ಲಿ ಹಲವು ಒಂದರ ಮೇಲೊಂದು ಬೀಳುತ್ತವೆ. ಮುಂದೆ ಒಂದು, ಹಿಂದೆ ಏಳೆಂಟು ಇದ್ದರೆ ಮಗುವಿಗೆ ಎಡಗೈಯ ಗೊಂದಲ ತಪ್ಪುತ್ತದೆ, ತೂಕವೂ ಇಳಿಯುತ್ತದೆ. ನೋಡಬೇಕಾದದ್ದು ಏರಿನ ಗೇರನ್ನು. ಮುಂದೆ 32 ಹಲ್ಲು, ಹಿಂದಿನ ದೊಡ್ಡದಕ್ಕೆ 32 ಅಥವಾ 34 ಇದ್ದರೆ ಸಾಮಾನ್ಯ ಏರನ್ನು ಮಗು ಇಳಿಯದೆ ಹತ್ತುತ್ತದೆ.

ಟೈರಿನ ವಿಚಾರದಲ್ಲಿ ಒಂದು ಮೋಸಹೋಗುವ ಜಾಗವಿದೆ. 26 ಇಂಚು ಎಂದು ಬರೆದ ಟೈರುಗಳೆಲ್ಲ ಒಂದೇ ಅಲ್ಲ. ಹಳೆಯ ಮಾದರಿಯ ಸೈಕಲ್ಲಿನ 26 ಇಂಚಿನ ಟೈರು ಮೌಂಟನ್ ಬೈಕಿನ ರಿಮ್ಮಿಗೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ: ಮೌಂಟನ್ ಬೈಕಿನ 26ಕ್ಕೆ 559, 24ಕ್ಕೆ 507. ಅದನ್ನು ಬರೆದುಕೊಂಡು ಹೋಗಿ ಊರಿನ ಪಂಕ್ಚರ್ ಅಂಗಡಿಯಲ್ಲಿ ಈ ಅಳತೆಯ ಟೈರು, ಟ್ಯೂಬು ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬಹುದು. ಅಂಚೆಯಲ್ಲೋ ಕೊರಿಯರಿನಲ್ಲೋ ಪೆಟ್ಟಿಗೆಯಾಗಿ ಬರುವ ಸೈಕಲ್ಲನ್ನು ಮನೆಯಲ್ಲೇ ಜೋಡಿಸುವ ಉತ್ಸಾಹಿಗಳು ಕಡೆಗೊಮ್ಮೆ ಮೆಕ್ಯಾನಿಕ್‌ಗೆ ತೋರಿಸಬೇಕು. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿಕೊಂಡು ಓಡಾಡುವ ಮಕ್ಕಳು ಬಡಾವಣೆಗಳಲ್ಲಿ ಈಗಲೂ ಕಾಣಸಿಗುತ್ತಾರೆ.

ಹಾಗಾದರೆ ಬೆಳೆಯುವ ಮಗುವಿಗೆ ಮಡಿಕೆ ಬಿಡುವುದೇ ಬೇಡವೇ? ಬಿಡಬಹುದು, ಅದು ಚೌಕಟ್ಟಿನಲ್ಲಿ ಅಲ್ಲ, ಸೀಟಿನ ಕಂಬದಲ್ಲಿ. ಹರೆಯಕ್ಕೆ ಕಾಲಿಡುವ ಮಕ್ಕಳಲ್ಲಿ ಮೊದಲು ಉದ್ದವಾಗುವುದು ಕಾಲು, ಮುಂಡ ಆಮೇಲೆ. ಹುಡುಗಿಯರಲ್ಲಿ ಈ ಓಟ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಹಾಗಾಗಿ ಮೊದಲು ಬೇಕಾಗುವುದು ಸೀಟು ಮೇಲೇರುವ ಅವಕಾಶ, ಹ್ಯಾಂಡಲ್ ದೂರ ಹೋಗುವ ಅವಕಾಶ ನಂತರ. ಚಿಕ್ಕ ಚೌಕಟ್ಟು, ಉದ್ದನೆಯ ಸೀಟಿನ ಕಂಬ ಇರುವ ಸೈಕಲ್ಲು ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷವೂ ಜೊತೆಗೆ ಬರುತ್ತದೆ. ಹ್ಯಾಂಡಲನ್ನು ಹಿಡಿದ ಚಿಕ್ಕ ತುಂಡನ್ನು ತುಸು ಉದ್ದನೆಯದಕ್ಕೆ ಬದಲಿಸಿದರೆ ಇನ್ನೊಂದಿಷ್ಟು ಕಾಲ.

ಮೊದಲ ವಾರಗಳಲ್ಲಿ ಎರಡೂ ಕಾಲಿನ ತುದಿ ನೆಲಕ್ಕೆ ತಾಗುವಷ್ಟು ಸೀಟು ಕೆಳಗಿರಲಿ. ಭಯ ಹೋದ ಮೇಲೆ, ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಮೇಲೇರಿಸಬೇಕು. ಮನೆಯ ಗೋಡೆಯಲ್ಲಿ ಮಕ್ಕಳ ಎತ್ತರ ಗುರುತಿಸುವ ಪದ್ಧತಿ ಇದ್ದವರು ಆ ದಿನವೇ ಸೀಟನ್ನೂ ನೋಡಿಬಿಡಬಹುದು. ಮೂರು ತಿಂಗಳಿಗೊಮ್ಮೆ ಸಾಕು. ಸೀಟಿನ ಕಂಬದ ಮೇಲೆ ಅಡ್ಡಗೆರೆಯೊಂದು ಕೊರೆದಿರುತ್ತದೆ. ಅದು ಚೌಕಟ್ಟಿನೊಳಗೇ ಇರಬೇಕು. ಹೊರಗೆ ಕಂಡರೆ ಕಂಬ ಮುರಿಯುವ ಅಪಾಯವಿದೆ. ಆ ಗೆರೆ ಹೊರಗೆ ಬಾರದೆ ಕಾಲು ನೇರವಾಗುವುದಿಲ್ಲ ಎಂದಾದ ದಿನ ಸೈಕಲ್ಲು ಚಿಕ್ಕದಾಯಿತು ಎಂದು ಲೆಕ್ಕ. ಅಷ್ಟರಲ್ಲಿ ಅದು ತಮ್ಮನಿಗೋ ತಂಗಿಗೋ ಪಕ್ಕದ ಮನೆಯ ಮಗುವಿಗೋ ಸರಿಯಾಗಿರುತ್ತದೆ. ದಿನವೂ ಓಡಿದ ಹಗುರ ಸೈಕಲ್ಲಿಗೆ ಗಿರಾಕಿಗಳು ಶಾಲೆಯ ಗೇಟಿನಲ್ಲೇ ಸಿಗುತ್ತಾರೆ.